ರಾಜಾ ರಾಮಣ್ಣ ನಮ್ಮ ಮಕ್ಕಳಿಗೂ ಗೊತ್ತಾಗಲಿ

ಮಾನ್ಯ ಸಂಪಾದಕರೇ,

ಮುಂಬೈ ಕನ್ನಡಿಗರ ಸಭೆಗಳಲ್ಲಿ ಕವಿಗಳ, ಕಲಾವಿದರ, ಹೋಟೆಲ್ ಕಟ್ಟಿದವರ ನೆನಪು ಚೆನ್ನಾಗಿಯೇ ಆಗುತ್ತದೆ. ಪರಮಾಣು ವಿಜ್ಞಾನಿ ಡಾ. ರಾಜಾ ರಾಮಣ್ಣ ಅವರ ಹೆಸರು ಕೇಳುವುದು ಮಾತ್ರ ಅಪರೂಪ. ತುಮಕೂರು ಜಿಲ್ಲೆಯಲ್ಲಿ 1925ರಲ್ಲಿ ಹುಟ್ಟಿದ ಅವರು ಲಂಡನ್ನಿನಲ್ಲಿ ಡಾಕ್ಟರೇಟ್ ಮುಗಿಸಿ, 1949ರಲ್ಲಿ ಇಲ್ಲಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು.

ಅವರ ಮುಂದಾಳತ್ವದಲ್ಲಿ ನಡೆದ ಭಾರತದ ಮೊದಲ ಅಣು ಪರೀಕ್ಷೆ, 1974ರ ಪೋಖ್ರಾನ್, ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದರ ಹಿಂದಿನ ಕೆಲಸ. 1956ರಲ್ಲಿ ಮುಂಬೈಯ ಟ್ರಾಂಬೆಯಲ್ಲಿ ಅಪ್ಸರಾ ಎಂಬ ಅಣು ರಿಯಾಕ್ಟರ್ ಚಾಲೂ ಆಯಿತು. ಅದರ ನ್ಯೂಟ್ರಾನ್‌ಗಳನ್ನು ಯುರೇನಿಯಂ ಮೇಲೆ ಹಾಯಿಸಿ, ಪರಮಾಣುವಿನ ಬೀಜ ಒಡೆಯುವಾಗ ಏನೇನು ಹೊರಬರುತ್ತದೆ ಎಂದು ರಾಮಣ್ಣ ಮತ್ತು ಜೊತೆಗಾರರು ಅಳೆದರು. ಮರುವರ್ಷವೇ ಅಲ್ಲಿ ತರಬೇತಿ ಶಾಲೆ ಶುರುವಾಯಿತು. ಅದನ್ನು ಬೆಳೆಸಿದವರೂ ಅವರೇ. ಹೊರದೇಶದ ಕಡೆ ನೋಡುತ್ತ ಕೂರದೆ ಇಲ್ಲೇ ವಿಜ್ಞಾನಿಗಳನ್ನು ತಯಾರು ಮಾಡಿದ್ದು ಸಣ್ಣ ಕೆಲಸವೇ? ಜೊತೆಗೆ ಒಳ್ಳೆಯ ಪಿಯಾನೊ ವಾದಕರು ಬೇರೆ!

2004ರಲ್ಲಿ ಅವರು ತೀರಿಕೊಂಡಿದ್ದೂ ಮುಂಬೈಯಲ್ಲೇ. ನಮ್ಮ ಸಂಘಗಳು ಅವರ ಹುಟ್ಟಿದ ದಿನವಾದ ಜನವರಿ 28ಕ್ಕೆ ಮಕ್ಕಳಿಗಾಗಿ ಕನ್ನಡದಲ್ಲೇ ಒಂದು ವಿಜ್ಞಾನ ಉಪನ್ಯಾಸ ಇಡಬಹುದಲ್ವಾ? ಅಣು ವಿಜ್ಞಾನಿಗಳ ವಸತಿ ಪ್ರದೇಶವಾದ ಇಲ್ಲಿನ ಅಣುಶಕ್ತಿನಗರದ ಕನ್ನಡಿಗ ವಿಜ್ಞಾನಿಗಳನ್ನೇ ಕರೆಯಲಿ.

— ಓದುಗರೊಬ್ಬರು, ಚೆಂಬೂರು, ಮುಂಬೈ