ಮಗಳಿಗೊಂದು ಪತ್ರ: ಗುಲಗಂಜಿ, ಹರಳು ಮತ್ತು ಎರ್ಲಿಶ್‌ನ ಇಲಿಗಳು

ಉಡುಪಿ

ಪ್ರೀತಿಯ ಮಗಳೇ,

ಚೆನ್ನೆಮಣೆಗೆ ಮಂಜೊಟ್ಟಿ ಕಾಳು ಸಾಲದಿದ್ದರೆ ಗುಲಗಂಜಿ ಸೇರಿಸಬಹುದೇ ಎಂದು ಕೇಳಿದ್ದೀಯಲ್ಲ, ಖಂಡಿತ ಬೇಡ. ಮಂಜೊಟ್ಟಿ ಇಡೀ ಕೆಂಪು. ಗುಲಗಂಜಿ ಅದಕ್ಕಿಂತ ಚಿಕ್ಕದು, ಒಂದು ತುದಿ ಕಪ್ಪು. ಅದರೊಳಗಿನ ವಿಷ ಅಬ್ರಿನ್. ಗಟ್ಟಿ ಸಿಪ್ಪೆ ಒಡೆಯದೆ ನುಂಗಿದ ಬೀಜ ಸಾಮಾನ್ಯವಾಗಿ ಹಾಗೇ ಹೊರಬೀಳುತ್ತದೆ. ಜಗಿದರೆ, ಅಥವಾ ಸರ ಪೋಣಿಸಲು ತೂತು ಕೊರೆದದ್ದಾದರೆ, ಆ ಭರವಸೆ ಇಲ್ಲ.

ಇಮ್ಯುನಾಲಜಿ, ಅಂದರೆ ದೇಹದ ರೋಗನಿರೋಧ ಶಕ್ತಿಯ ಶಾಸ್ತ್ರ, ಓದುವವಳಿಗೆ ಈ ಬೀಜಗಳ ಚರಿತ್ರೆ ಗೊತ್ತಿರಬೇಕು. 1888ರಲ್ಲಿ ಡೋರ್ಪಾಟ್‌ನಲ್ಲಿ (ಈಗಿನ ಎಸ್ಟೋನಿಯಾದ ಟಾರ್ಟು) ಸ್ಟಿಲ್‌ಮಾರ್ಕ್ ಎಂಬ ಸಂಶೋಧಕ ಹರಳು ಬೀಜದಿಂದ ರಿಸಿನ್ ಎಂಬ ವಿಷ ಬೇರ್ಪಡಿಸಿದ. ಅದು ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ ಎಂದು ತೋರಿಸಿದ. 1890ರಲ್ಲಿ ಬೆರಿಂಗ್ ಮತ್ತು ಕಿಟಸಾಟೊ ಎಂಬ ವಿಜ್ಞಾನಿಗಳು ಧನುರ್ವಾಯುವಿಗೆ ಪ್ರತಿವಿಷ ಸೀರಮ್, ಅಂದರೆ ವಿಷವನ್ನು ತಡೆಯುವ ವಸ್ತುವಿರುವ ರಕ್ತದ ತಿಳಿ, ಕಂಡುಹಿಡಿದರು. ಮರುವರ್ಷ ಜರ್ಮನ್ ವಿಜ್ಞಾನಿ ಪಾಲ್ ಎರ್ಲಿಶ್ ಬರ್ಲಿನ್‌ನಲ್ಲಿ ಇಲಿಗಳಿಗೆ ರಿಸಿನ್ ಬೆರೆಸಿದ ಬಿಸ್ಕತ್ತು ತಿನ್ನಿಸಿದ. ಮೊದಲು ಅತ್ಯಲ್ಪ, ಆಮೇಲೆ ಸ್ವಲ್ಪ ಸ್ವಲ್ಪವೇ ಹೆಚ್ಚು. ಆರನೇ ದಿನದ ಹೊತ್ತಿಗೆ ರಕ್ಷೆ, ಅಂದರೆ ವಿಷ ತಾಳಿಕೊಳ್ಳುವ ಶಕ್ತಿ, ಥಟ್ಟನೆ ಕಾಣಿಸಿತು. ಆದರೆ ರಿಸಿನ್ ತಾಳಿಕೊಂಡ ಇಲಿಗೆ ಅಬ್ರಿನ್ ಕೊಟ್ಟರೆ ಸತ್ತೇ ಹೋಯಿತು. ಒಂದು ವಿಷದ ರಕ್ಷೆ ಇನ್ನೊಂದಕ್ಕೆ ಆಗದು.

ನನಗೆ ಅತಿ ಜಾಣ ಪ್ರಯೋಗ ಅನ್ನಿಸುವುದು ಎರ್ಲಿಶ್‌ನ 1892ರದು. ಮರಿಗೆ ರಕ್ಷೆ ಬರುವುದು ಹುಟ್ಟಿನಿಂದಲೋ, ಹಾಲಿನಿಂದಲೋ? ರಕ್ಷೆಯಿರುವ ತಾಯಿಗೂ ಇಲ್ಲದ ತಾಯಿಗೂ ಮರಿಗಳನ್ನು ಅದಲುಬದಲು ಮಾಡಿದ. ರಕ್ಷೆಯಿಲ್ಲದ ತಾಯಿಗೆ ಹುಟ್ಟಿಯೂ ರಕ್ಷೆಯಿರುವ ತಾಯಿಯ ಹಾಲು ಕುಡಿದ ಮರಿಗಳು ವಿಷ ತಾಳಿಕೊಂಡವು. ತಂದೆಯಿಂದ ಮಾತ್ರ ಏನೂ ಬರಲಿಲ್ಲ. 1897ರಲ್ಲಿ ಇಲಿಯನ್ನೂ ಬಿಟ್ಟ: ಪ್ರನಾಳದಲ್ಲಿ ರಕ್ತಕಣ, ರಿಸಿನ್, ಸೀರಮ್ ಬೆರೆಸಿ, ಕಣಗಳು ಅಂಟದಿರಲು ಎಷ್ಟು ಸೀರಮ್ ಬೇಕೆಂದು ಅಳೆದ.

ನಮ್ಮ ಕಾಸರಕದ ಬೀಜಕ್ಕೆ ಸ್ವಲ್ಪ ಸ್ವಲ್ಪ ತಿನ್ನಿಸಿ ರಕ್ಷೆ ತರುವ ಈ ಉಪಾಯ ನಡೆಯದು. ಅದರ ವಿಷ ಸ್ಟ್ರಿಕ್ನಿನ್ ಪುಟ್ಟ ಆಲ್ಕಲಾಯ್ಡ್, ಪ್ರೋಟೀನಲ್ಲದ ಚಿಕ್ಕ ಅಣು. ದೇಹ ಪ್ರತಿವಿಷ ತಯಾರಿಸುವುದು ರಿಸಿನ್, ಅಬ್ರಿನ್‌ನಂಥ ದೊಡ್ಡ ಪ್ರೋಟೀನುಗಳಿಗೆ.

ಹಾಗಾದರೆ ಗುಲಗಂಜಿಗೆ ಆಸ್ಪತ್ರೆಯಲ್ಲಿ ಸೀರಮ್ ಯಾಕಿಲ್ಲ ಅನ್ನುತ್ತೀ. ಈ ವಿಷದ ಪ್ರೋಟೀನಿಗೆ ಎರಡು ಸರಪಳಿ, ಅಂದರೆ ಎರಡು ಭಾಗ. ಒಂದು ಜೀವಕೋಶಕ್ಕೆ ಅಂಟಿಕೊಳ್ಳುತ್ತದೆ. ಇನ್ನೊಂದು ಒಳಹೊಕ್ಕು, ಜೀವಕೋಶದ ಪ್ರೋಟೀನ್ ಕಾರ್ಖಾನೆಯಾದ ರೈಬೋಸೋಮ್‌ನಿಂದ ಅಡೆನಿನ್ ಎಂಬ ಒಂದು ಪುಟ್ಟ ಘಟಕವನ್ನು ಕಿತ್ತುಹಾಕಿ ಪ್ರೋಟೀನ್ ತಯಾರಿಯನ್ನೇ ನಿಲ್ಲಿಸುತ್ತದೆ. ಹೊಕ್ಕ ಮೇಲೆ ಸೀರಮ್ ಅದನ್ನು ತಲುಪದು. ವಾಂತಿ, ಭೇದಿ ಶುರುವಾಗುವುದೋ ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಹರಳೆಣ್ಣೆಗೆ ಹೆದರಬೇಡ. ರಿಸಿನ್ ಎಣ್ಣೆಯಲ್ಲಿ ಕರಗದು, ಹಿಂಡಿಯಲ್ಲಿ ಉಳಿಯುತ್ತದೆ. ಬಿಸಿ ಮಾಡದ ಹಿಂಡಿ ದನದ ಬಾಯಿಗೆ ಸಿಗಬಾರದು, ಅಷ್ಟೆ.

ಯಾವುದಾದರೂ ಮಗು ಗುಲಗಂಜಿ ಜಗಿದದ್ದು ಕಂಡರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡ. ಬಾಯಲ್ಲಿ ಉಳಿದ ಚೂರು ತೆಗೆದು, ಒಂದು ಬೀಜ ಜೊತೆಗಿಟ್ಟುಕೊಂಡು, ಮಗು ಚೆನ್ನಾಗಿಯೇ ಕಂಡರೂ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿ. ಹಾವಿನ ಸೀರಮ್ ಕೊಡಿ ಎಂದು ಯಾರಾದರೂ ಹಟ ಹಿಡಿದರೆ, ಎರ್ಲಿಶ್‌ನ ಇಲಿಯ ಕಥೆ ಹೇಳು.

ಅಮ್ಮ