ಮರೆವಿನ ಕಾಯಿಲೆ ಪತ್ತೆ: ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮ್ಮ ಶಿವಮೊಗ್ಗ ಜಿಲ್ಲೆಯ ಹೊಸನಗರ, ತೀರ್ಥಹಳ್ಳಿ ಕಡೆ ಅಜ್ಜ ಸ್ವಂತ ತೋಟದ ದಾರಿ ತಪ್ಪಿದರೂ ‘ವಯಸ್ಸಾಯ್ತಲ್ಲ, ಅರಳುಮರಳು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಆಸ್ಪತ್ರೆಗೆ ಬಂದವರಿಗೂ ಎಷ್ಟೋ ಸಲ ಸಿಗುವುದು ‘ವಯೋಸಹಜ ಸವೆತ’ ಎಂಬ ಒಂದು ಸಾಲಿನ ಸ್ಕ್ಯಾನ್ ವರದಿ. ಅದರಿಂದ ಆಲ್ಝೈಮರ್ ಹೌದೋ ಅಲ್ಲವೋ ತಿಳಿಯುವುದಿಲ್ಲ.

ಆಲ್ಝೈಮರ್‌ನಲ್ಲಿ ಮಿದುಳಿನೊಳಗೆ ಶೇಖರವಾಗುವ ಅಮೈಲಾಯ್ಡ್ ಎಂಬ ಪ್ರೋಟೀನನ್ನು ತೋರಿಸುವ ಪೆಟ್ ಸ್ಕ್ಯಾನ್ ಶಿವಮೊಗ್ಗಕ್ಕೇ ಬೇಕೆಂದು ನಾವು ಕೇಳುತ್ತಿಲ್ಲ. ಅದಕ್ಕೆ ಬೇಕಾದ ವಿಕಿರಣಶೀಲ ಫ್ಲೋರಿನ್-18 ಇರುವ ಔಷಧದ ವಿಕಿರಣ ಪ್ರತಿ 110 ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ. ಬೆಂಗಳೂರಿನಿಂದ ಐದೂವರೆ ಗಂಟೆ ರಸ್ತೆಯಲ್ಲಿ ಬರುವಷ್ಟರಲ್ಲಿ ಎಂಟರಲ್ಲೊಂದು ಪಾಲು ಉಳಿದೀತು.

ಆದರೆ ಎಂಆರ್‌ಐ ಸರಿಯಾಗಿ ಆಗಲೇಬೇಕು. ಪಾರ್ಶ್ವವಾಯುವಿಗೆಂದು ತೆಗೆಯುವ 5 ಮಿ.ಮೀ. ದಪ್ಪದ ಅಡ್ಡ ಸೀಳುಗಳಲ್ಲಿ ನೆನಪಿನ ಕೇಂದ್ರವಾದ ಹಿಪ್ಪೊಕ್ಯಾಂಪಸ್‌ನ ಸವೆತ ಅಳೆಯಲಾಗದು. ಮಿದುಳಿನ ರಚನೆ ತೋರಿಸುವ ಟಿ1 ಎಂಬ ಬಗೆಯ ಚಿತ್ರವನ್ನು 1 ಮಿ.ಮೀ. ದಪ್ಪದಲ್ಲಿ ತೆಗೆದು, ಹಿಪ್ಪೊಕ್ಯಾಂಪಸ್‌ಗೆ ಲಂಬವಾಗಿ ಕೊರೋನಲ್ (ಮುಖಕ್ಕೆ ಸಮಾನಾಂತರವಾದ) ಸೀಳು ನೋಡಬೇಕು. ಜೊತೆಗೆ ಮಿದುಳಿನ ಬಿಳಿ ಕಲೆಗಳನ್ನು ತೋರಿಸುವ ಫ್ಲೇರ್ ಚಿತ್ರ, ಸಣ್ಣ ರಕ್ತಸ್ರಾವ ಹುಡುಕಲು ಎಸ್‌ಡಬ್ಲ್ಯುಐ. ವರದಿಯಲ್ಲಿ ಎಡ, ಬಲ ಎರಡಕ್ಕೂ ಹಿಪ್ಪೊಕ್ಯಾಂಪಸ್ ಭಾಗದ ಸವೆತ ಅಳೆಯುವ 0ರಿಂದ 4ರವರೆಗಿನ ಎಂಟಿಎ ಅಂಕ ಇರಲಿ: 75 ವರ್ಷದೊಳಗೆ 2, ಆಮೇಲೆ 3 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆಲ್ಝೈಮರ್ ಅನುಮಾನ. ಇದಕ್ಕೆ ಹೊಸ ಯಂತ್ರ ಬೇಡ, ಸ್ಕ್ಯಾನಿಗೆ ಒಂದಿಷ್ಟು ಹೆಚ್ಚು ನಿಮಿಷ ಬೇಕು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದವರ ತಲೆಯೊಳಗೆ ನಿಧಾನವಾಗಿ ಕಟ್ಟಿಕೊಂಡ ರಕ್ತವೂ ಮರೆವಿನಂತೆಯೇ ತೋರುತ್ತದೆ. ಅದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಬಿ12 ಜೀವಸತ್ವ ಮತ್ತು ಥೈರಾಯ್ಡ್ ಕೊರತೆಯಿಂದಲೂ ಮರೆವು ಬರುವುದರಿಂದ ಆ ಪರೀಕ್ಷೆಗಳು ಸ್ಕ್ಯಾನಿಗೂ ಮೊದಲು ಆಗಿರಬೇಕು.

ಇನ್ನು ರಕ್ತಪರೀಕ್ಷೆ. ಆಲ್ಝೈಮರ್ ಸುಳಿವು ಕೊಡುವ ಪಿ-ಟೌ217 ಮತ್ತು ಅಮೈಲಾಯ್ಡ್ 42 ಎಂಬ ಎರಡು ಪ್ರೋಟೀನ್‌ಗಳ ಅನುಪಾತ ನೋಡುವ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿದೆ. ಇಲ್ಲಿ ಕೆಡುವುದು ರಕ್ತ ತೆಗೆದ ಮೇಲೆ. ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಟ್ಯೂಬಿನ ರಕ್ತವನ್ನು ಎರಡು ಗಂಟೆಯೊಳಗೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ, ಬೇರ್ಪಟ್ಟ ಪ್ಲಾಸ್ಮಾ ದ್ರವವನ್ನು ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಟ್ಯೂಬಿಗೆ ಹಾಕಿ ಫ್ರೀಜ್ ಮಾಡಬೇಕು. ತಡವಾದರೆ ಅಮೈಲಾಯ್ಡ್ ಇಳಿಯುತ್ತದೆ. ಗಾಜು, ಪಾಲಿಸ್ಟೈರೀನ್ ಟ್ಯೂಬಾದರೆ ಗೋಡೆಗೆ ಅಂಟಿಕೊಳ್ಳುತ್ತದೆ. ಎರಡೂ ಕಡೆ ಫಲಿತಾಂಶ ಸುಳ್ಳಾಗುತ್ತದೆ. ಮಂಗನ ಕಾಯಿಲೆಗಾಗಿ ಹಳ್ಳಿಯಿಂದ ರಕ್ತದ ಮಾದರಿಗಳನ್ನು ತಂಪಾಗಿಟ್ಟು ಸಾಗಿಸಿದ ಜಿಲ್ಲೆ ನಮ್ಮದು. ಆ ಸಿಬ್ಬಂದಿಗೆ ಇದೂ ಕಷ್ಟವಲ್ಲ.

ಒಂದು ಎಚ್ಚರಿಕೆ: ಈ ರಕ್ತಪರೀಕ್ಷೆಯನ್ನು ಆರೋಗ್ಯ ಶಿಬಿರಗಳಲ್ಲಿ ಎಲ್ಲರಿಗೂ ಮಾಡಿಸಬೇಡಿ. ಮರೆವೇ ಇಲ್ಲದ ಹಿರಿಯರಲ್ಲೂ ಅಮೈಲಾಯ್ಡ್ ಇರಬಹುದು. ಕಿಡ್ನಿ ತೊಂದರೆ ಇದ್ದರೆ ಪಿ-ಟೌ ಅದರಿಂದಲೇ ಏರುತ್ತದೆ, ಹಾಗಾಗಿ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಜೊತೆಯಲ್ಲೇ ನೋಡಬೇಕು.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ನೆನಪಿನ ಕ್ಲಿನಿಕ್ ನಡೆಸಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕನ್ನಡದಲ್ಲೂ ಸಿದ್ಧಪಡಿಸಿರುವ ನೆನಪು-ಗ್ರಹಿಕೆ ಪರೀಕ್ಷೆಯಿಂದ ಶುರುವಾಗಲಿ. ಓದು ಬಾರದವರಿಗೆ ಅದಕ್ಕೆ ತಕ್ಕ ಮಾನದಂಡವನ್ನೇ ಬಳಸಲಿ. ಎಂಆರ್‌ಐ ಚೀಟಿಯಲ್ಲಿ ‘ಡಿಮೆನ್ಶಿಯಾ ಪ್ರೋಟೋಕಾಲ್’ (ಮರೆವಿನ ಕಾಯಿಲೆಗೆ ಮೇಲೆ ಹೇಳಿದ ಸ್ಕ್ಯಾನ್ ಕ್ರಮ) ಎಂದು ಬರೆಯಲು ಜಿಲ್ಲೆಯ ಎಲ್ಲ ತಾಲೂಕು ಆಸ್ಪತ್ರೆಗಳಿಗೆ ಒಂದು ಸುತ್ತೋಲೆ ಕಳುಹಿಸಿ. ಸುತ್ತೋಲೆಯ ಕರಡು ಬರೆದುಕೊಡಲು ನಾವು ಸಿದ್ಧರಿದ್ದೇವೆ.

ಇಂತಿ,
ಮರೆವಿನ ರೋಗಿಗಳ ಚಿಕಿತ್ಸೆಯಲ್ಲಿ ತೊಡಗಿರುವ ಮಲೆನಾಡಿನ ವೈದ್ಯರು ಮತ್ತು ತಂತ್ರಜ್ಞರು