ಹಾಡಿಯ ಹಿರಿಯರೊಂದಿಗೆ ನಕ್ಷೆ ತಯಾರಾಗಲಿ

ನಾಗರಹೊಳೆ ಸುತ್ತಲಿನ ಜೇನುಕುರುಬರ ಹಳೆಯ ನೆಲೆ, ದೇವರ ತಾಣ, ಸಮಾಧಿಗಳ ವಿವರ ಹಾಡಿಯ (ಬುಡಕಟ್ಟು ಜನರ ವಸತಿ) ಹಿರಿಯರು ಇರುವಾಗಲೇ ನಕ್ಷೆಯಲ್ಲಿ ದಾಖಲಾಗಬೇಕು. ಹುಣಸೂರು ಕಡೆಯ ಹಾಡಿಯೊಂದರಲ್ಲಿ ಅಜ್ಜಿಯೊಬ್ಬರು ಕಡ್ಡಿಯಿಂದ ಮಣ್ಣಿನ ಮೇಲೆ ಗೀಚುತ್ತಾ ಜೇನು ಕಟ್ಟುವ ಮರ, ನೀರಿನ ಒರತೆ, ತಮ್ಮ ತಾಯಿಯನ್ನು ಹೂತ ಜಾಗ ಎಲ್ಲವನ್ನೂ ತೋರಿಸಿದ್ದನ್ನು ಕಂಡಿದ್ದೇನೆ. ಸಂಜೆಯ ಮಳೆಗೆ ಆ ಗೆರೆಗಳು ಅಳಿಸಿಹೋದವು.

2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಹಿರಿಯರ ಲಿಖಿತ ಹೇಳಿಕೆ, ಸ್ಮಶಾನ, ಪವಿತ್ರ ಸ್ಥಳಗಳನ್ನೂ ಅರಣ್ಯ ಹಕ್ಕು ಕೋರುವವರ ಸಾಕ್ಷ್ಯವೆಂದು ಒಪ್ಪುತ್ತವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಸಂಶೋಧಕರೊಡನೆ ಇಂಥ ನಕ್ಷೆ ಮಾಡಿದ್ದಾರೆ. 2011ರಲ್ಲಿ ಅವರಿಗೆ ಕಾಡಿನ ಮೇಲೆ ಸಮುದಾಯ ಹಕ್ಕೂ ದೊರೆಯಿತು.

ಮೈಸೂರಿನಲ್ಲೇ ಇರುವ ಬುಡಕಟ್ಟು ಸಂಶೋಧನಾ ಸಂಸ್ಥೆಯು ಹಾಡಿಯ ಯುವಜನರಿಗೆ ಜಿಪಿಎಸ್ ತರಬೇತಿ ಹಾಗೂ ಗೌರವಧನ ನೀಡಿ ಈ ಕೆಲಸ ಆರಂಭಿಸಲಿ. ನಕ್ಷೆಯ ಮೊದಲ ಪ್ರತಿ ಗ್ರಾಮಸಭೆಯ ಕೈಸೇರಲಿ.

– ಓದುಗ, ಹುಣಸೂರು